ಭೀಮಲಿಂಗಪ್ಪನ ಹೆಂಡ್ತಿ ಯಾಕ ನಗಂಗಿಲ್ಲ

ನನಗೊಂದು ಕೆಟ್ಟ ಚಟ ಐತಿ, ಹೇಳೇಬಿಡ್ತೀನಿ. ಮಂದಿ ಸಂಗತಿ ತಿಳಕೊಳ್ಳದಿದ್ರ ನನಗ ಉಂಡದ್ದು ಅರಗಂಗಿಲ್ಲ. ತೆಲುಗು ಸೀಮಿ ಗಡಿಯ ಪೆದ್ದಹರಿವಾಣದಾಗ ಮನಿಯೊಳಗ ಕುಂತು ಹೆಣ್ಮಕ್ಕಳ ಜಾಕೀಟು ಹೊಲಿಯಾಕಿ ನಾನು. ಬಂದೋರು ಅಳತಿಗಿಂತ ಮೊದಲು ಸುದ್ದಿ ಕೊಡ್ತಾರ. ಹಿಂಗಿದ್ರೂ ಪಕ್ಕದ ಮನಿ ಗಾದಿಲಿಂಗಮ್ಮನ ಸಂಗತಿ ಮಾತ್ರ ಎಷ್ಟೋ ವರ್ಷ ನನಗ ಬಗೀಹರಿದಿರಲಿಲ್ಲ.

ಆಕಿ ಗಂಡ ಭೀಮಲಿಂಗಪ್ಪ. ವರ್ಷವಿಡೀ ಕುರಿ ಹಿಂದ ತಿರುಗೋ ಮನುಷ್ಯ, ಆದ್ರ ಉಗಾದಿ ಮರುದಿನ ಊರ ನಾಟಕದಾಗ ಆತಂದೇ ದರ್ಬಾರು. ನಮ್ಮೂರಾಗ ಆಡೋದು ಒಂದೇ ನಾಟಕ, "ಬಂದ ಮಾವ ಹೋಗವಲ್ಲ". ಮಗಳನ್ನ ನೋಡಾಕ ಬಂದ ಜಿಪುಣ ಮಾವ ವಾಪಸ್ ಹೋಗೋ ಮಾತೇ ಎತ್ತಂಗಿಲ್ಲ. ಆತನ್ನ ಸಾಗಹಾಕಾಕ ಅಳಿಯ ಏನೇನೋ ಆಟ ಹೂಡಿ, ಕಡೀಗೆ ತಾನೇ ಮನಿ ಬಿಟ್ಟು ಓಡ್ತಾನ. ಅಜ್ಜಂದಿರ ಕಾಲದಿಂದ ಅದೇ ನಾಟಕ, ಯಾರಿಗೂ ಬ್ಯಾಸರ ಬಂದಿಲ್ಲ. ಈಗಿನ ಹುಡುಗರು ತೆಲುಗು ಸಾಲಿ ಕಲಿತೋರು, ಕನ್ನಡ ಓದಾಕ ಬರಂಗಿಲ್ಲ. ಅದಕ್ಕ ತಮ್ಮ ಮಾತು ತೆಲುಗು ಅಕ್ಷರದಾಗ ಬರಕೊಂತಾರ, ಬಾಯಾಗ ಮಾತ್ರ ಅಚ್ಚ ಕನ್ನಡ. ಆ ಮಾವನ ಪಾತ್ರ ಭೀಮಲಿಂಗಪ್ಪಂದು. ಆತ ಸ್ಟೇಜಿಗೆ ಕಾಲಿಟ್ರ ಸಾಕು, ಕೌತಾಳಂ ಕಡಿಂದ ಬಸ್ಸು ಹತ್ತಿ ಬಂದ ಮಂದೀನೂ ಹೊಟ್ಟಿ ಹಿಡಕೊಂಡು ನಗ್ತಾರ.

ಒಬ್ಬಾಕಿ ನಗಂಗಿಲ್ಲ. ಮುಂದಿನ ಸಾಲಿನ ಜಮಖಾನದ ಮ್ಯಾಲ, ಇಸ್ತ್ರಿ ಸೀರಿ ಉಟ್ಟು, ಹೂ ಮುಡಕೊಂಡು ಕುಂತಿರ್ತಾಳ ಗಾದಿಲಿಂಗಮ್ಮ. ಕಣ್ಣು ಮಿಟುಕಿಸದೆ ಗಂಡನ್ನ ನೋಡ್ತಾಳ, ತುಟಿ ಒಂಚೂರೂ ಅಲುಗಂಗಿಲ್ಲ. ಆಕಿಗೆ ನಗಾಕ ಬರಂಗಿಲ್ಲ ಅಂತ ಅಲ್ಲ ಮತ್ತ! ನಳದ ಹತ್ರ ನಕ್ಕರ ಓಣಿ ಆ ತುದಿಗೆ ಕೇಳಿಸ್ತೈತಿ. ಗಂಡ ಮಾವ ಆದಾಗ ಮಾತ್ರ ಬಾಯಿಗೆ ಬೀಗ.

ಇದು ಭೀಮಲಿಂಗಪ್ಪನ ಎದಿಯೊಳಗ ಮುಳ್ಳಾಗಿತ್ತು. "ಊರು ನಗಿಸ್ತೀನಿ ಬಸವಕ್ಕಾ, ಮನಿಯಾಕಿನ್ನ ನಗಿಸಾಕ ಆಗವಲ್ದು. ಒಂದ್ಸಲ ನಕ್ಕರ ಸಾಕು, ಆಮ್ಯಾಲ ಬಣ್ಣ ಹಚ್ಚೋದೇ ಬಿಡ್ತೀನಿ," ಅಂತ ಗ್ವಾಡಿ ಆಚಿಂದ ಎಷ್ಟೋ ಸಲ ಅಂದಾನ. ಪಾಪ ಅನ್ನಿಸ್ತಿತ್ತು ನನಗ. "ಬಾಯಿ ಬಿಟ್ಟು ಕೇಳಬಾರದೇನಣ್ಣಾ?" ಅಂದ್ರ, "ಕೇಳಿದ್ರ 'ಚಲೋ ಮಾಡಿದ್ರಿ' ಅಂದು ರೊಟ್ಟಿ ಬಡ್ಯಾಕ ಹೋಗ್ತಾಳ," ಅಂತಿದ್ದ.

ಈ ವರ್ಷ ಉಗಾದಿ ಹತ್ರ ಬಂದಾಗ ಒಂದಿನ ಆತನೇ ಗ್ವಾಡಿ ಹತ್ರ ಬಂದು ದನಿ ತಗ್ಗಿಸಿದ.

"ಬಸವಕ್ಕಾ, ನನಗ ಈಗ ಹೊಳೀತು ನೋಡು. ನಾ ಆಡೋ ಮಾವ ಯಾರಂತೀ? ನಮ್ಮ ಮಾವ! ಈಕಿ ಅಪ್ಪ ಉರುಕುಂದಪ್ಪ. ಹೊಸಲಿನಾಗ ನಿಂತು ಚಪ್ಪಲಿ ಝಾಡಿಸೋದು, 'ಶಿವ ಶಿವಾ' ಅಂತ ಮೊಣಕಾಲು ಹಿಡದು ಕುಂದ್ರೋದು, ಬಶಿಯಾಗ ಚಾ ಊದಿ ಊದಿ ಕುಡಿಯೋದು, ಎಲ್ಲಾ ಆತಂದೇ. ಸತ್ತ ಅಪ್ಪನ್ನ ವರ್ಷಾ ವರ್ಷಾ ಊರ ಮುಂದ ನಗಪಾಟಲು ಮಾಡಿದ್ರ ಯಾವ ಮಗಳು ನಗ್ತಾಳ ಹೇಳು?"

ನಾನು ಈ ಊರಿಗೆ ಸೊಸಿಯಾಗಿ ಬರೋದರೊಳಗ ಉರುಕುಂದಪ್ಪ ತೀರಿಕೊಂಡಿದ್ದ, ನನಗ ಹೆಂಗ ಗೊತ್ತಾಗಬೇಕು? "ಅಯ್ಯ ನಿನ್ನ! ಇಷ್ಟು ವರ್ಷ ನಿನ್ನ ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತೋ ಅಣ್ಣಾ?" ಅಂದೆ.

"ಈ ಸಲ ಆ ಮಾವನ್ನ ತಗದುಹಾಕ್ತೀನಿ. ಬ್ಯಾರೆ ಮಾವ ಬರ್ತಾನ. ಆಕಿ ನಗಲೇಬೇಕು," ಅಂದು ಹೋದ.

ಈಗ ನಾಟಕ ಮೊದಲಿನಂಗ ಬೆಳಗಿನ ತನಕ ನಡ್ಯಂಗಿಲ್ಲ. ಮೈಕಿಗೆ ಪೊಲೀಸರು ಟೈಮು ಇಟ್ಟಾರ, ಅದಕ್ಕ ದೀಪ ಹಚ್ಚೋ ಹೊತ್ತಿಗೆ ಶುರು. ನಾನು ಬೇಕಂತ ಗಾದಿಲಿಂಗಮ್ಮನ ಪಕ್ಕಕ್ಕ ಕುಂತೆ. ನಾಟಕ ನನಗ್ಯಾಕ, ಆಕಿ ಮುಖ ನೋಡೋದಿತ್ತು ನನಗ.

ಭೀಮಲಿಂಗಪ್ಪ ಕುಣಕೋತ ಬಂದ. ಕಪ್ಪು ಕನ್ನಡಕ ಹಾಕಿದ್ದ, ಮೂಗಿನಾಗ ಮಾತಾಡಿದ, ಕುರ್ಚಿ ತಪ್ಪಿಸಿ ಕೆಳಗ ಕುಂತ. ಹುಡುಗರು ಸಿಳ್ಳಿ ಹೊಡದ್ರು, ಹಿಂದಿಂದ ಯಾರೋ "ಅದಿರಿಂದಿ ಮಾಮಾ!" ಅಂತ ತೆಲುಗಿನಾಗ ಭೇಷ್ ಅಂದು ಕೂಗಿದ. ಗಾದಿಲಿಂಗಮ್ಮ ಮಾತ್ರ ಕತ್ತು ಚಾಚಿ, ಆತನ ಹಿಂದ ಇನ್ಯಾರರೆ ಬರ್ತಾರೇನೋ ಅನ್ನೋಹಂಗ ನೋಡಾಕತ್ತಿದ್ದಳು. ಸ್ವಲ್ಪ ಹೊತ್ತು ಕಾದಳು. ಆಮ್ಯಾಲ ಸೆರಗು ಹೊದಕೊಂಡು ಎದ್ದು ಹೊಂಟೇಬಿಟ್ಲು.

ನಾನು ಬಿಡ್ತೀನೇನು? ಹಿಂದ ಓಡಿದೆ. ಟ್ರ್ಯಾಕ್ಟರ್ ನಿಲ್ಲಿಸಿದ್ದ ಕಡೆ ನಿಂತು ಕಣ್ಣು ಒರಸಿಕೊಳ್ಳಾಕತ್ತಿದ್ದಳು.

"ಏನಾತಕ್ಕಾ? ನಿನ್ನ ನಗಿಸಾಕಂತ ಅಣ್ಣ ಅಷ್ಟು ಒದ್ದಾಡಾಕತ್ತಾನ, ನೀ ನೋಡಿದ್ರ ಎದ್ದು ಬರ್ತೀ!" ನನಗ ಸಿಟ್ಟೇ ಬಂದಿತ್ತು.

"ನಮ್ಮಪ್ಪ ಬರಲಿಲ್ಲ ಬಸವಕ್ಕಾ," ಅಂದಳು.

ನನಗ ತಿಳೀಲಿಲ್ಲ. ಆಕಿನೇ ಹೇಳಿದಳು: "ನಮ್ಮಪ್ಪಂದು ಒಂದು ಫೋಟೋ ಇಲ್ಲ. ಇವರು ಚಪ್ಪಲಿ ಝಾಡಿಸಿದ್ರ ನಮ್ಮಪ್ಪನೇ ಹೊಸಲಿಗೆ ಬಂದ್ಹಂಗ ಆಗ್ತಿತ್ತು. ವರ್ಷಕ್ಕೊಮ್ಮೆ ನೋಡೋದು. ಮಂದಿ ನಗಲಿ, ನನಗೇನು? ನಾನೂ ನಕ್ಕೋತ ಕುಂತ್ರ ಆತನ್ನ ನೋಡೋದು ಯಾವಾಗ?"

"ಇದನ್ನ ಗಂಡಗ ಹೇಳಬಾರದಿತ್ತೇನು?"

"ಹೇಳಿದ್ರ ಬೇಕಂತ ಮಾಡ್ತಿದ್ರು. ಬೇಕಂತ ಮಾಡಿದ್ರ ನಮ್ಮಪ್ಪ ಹೆಂಗ ಆಗ್ತಾನ? ನಾಟಕ ಆಗ್ತೈತಿ."

ನಾನು ಒಂದು ಗಳಿಗೀನೂ ನಿಲ್ಲಲಿಲ್ಲ, ಪರದಿ ಹಿಂದಕ್ಕ ನುಗ್ಗಿದೆ. ಅಳಿಯನ ವೇಷ ಹಾಕಿದ್ದ ಹರೀಶ "ಹೆಣ್ಮಕ್ಕಳು ಇಲ್ಲಿ ಬರಬಾರದು" ಅಂದ. ಆತನ್ನ ಅತ್ತಾಗ ನೂಕಿದೆ. ಭೀಮಲಿಂಗಪ್ಪ ಬೆವರು ಒರಸಿಕೋತ ಕುಂತಿದ್ದ. ನನ್ನ ಕಂಡದ್ದೇ, "ನಕ್ಕಳೇನು?" ಅಂದ. ಇದ್ದದ್ದು ಇದ್ದಂಗ ಹೇಳಿದೆ. ಆತ ಕನ್ನಡಕ ತಗದಿಟ್ಟು ಚಪ್ಪಲಿ ಹುಡುಕಾಕ ಹತ್ತಿದ.

ಗಾದಿಲಿಂಗಮ್ಮನ ರಟ್ಟಿ ಹಿಡದು ಎಳಕೊಂಡು ಬಂದು ಮತ್ತ ಜಮಖಾನದ ಮ್ಯಾಲ ಕುಂದ್ರಿಸಿದೆ. ಮುಂದಿನ ಸೀನಿಗೆ ಪರದಿ ಸರೀತು. ಈ ಸಲ ಬಂದಾತ ಹೊಸಲಿನಾಗ ನಿಂತ, ಚಪ್ಪಲಿ ಝಾಡಿಸಿದ, "ಶಿವ ಶಿವಾ" ಅಂತ ಮೊಣಕಾಲು ಹಿಡದು ಕುಂತ. ಮಂದಿ ಹೋ ಅಂತ ನಕ್ಕರು. ಗಾದಿಲಿಂಗಮ್ಮ ಕಣ್ಣು ಮಿಟುಕಿಸಲಿಲ್ಲ. ಮಗಳ ಪಾತ್ರಕ್ಕ ಬಳ್ಳಾರಿಯಿಂದ ಕರಸಿದ ನಟಿ ಎದುರಿಗೇ ನಿಂತಿದ್ದಳು. ಆಕಿನ್ನ ಬಿಟ್ಟು ಭೀಮಲಿಂಗಪ್ಪ ಎದ್ದು ಸ್ಟೇಜಿನ ಅಂಚಿಗೆ ಬಂದ. ನಾಟಕದಾಗ ಇಲ್ಲದ ಮಾತು, ಮಾವನ ದನಿಯಾಗ, ನೆಟ್ಟಗ ಹೆಂಡ್ತಿಗೆ ಅಂದ:

"ಏನವ್ವಾ ಗಾದಿಲಿಂಗಮ್ಮಾ, ಸುಖವಾಗಿದ್ದೀಯೇನು? ಆ ನಿನ್ನ ಗಂಡ ಚಲೋ ನೋಡ್ಕೊಂತಾನೋ ಇಲ್ಲೋ? ಹೇಳು, ಕರಕೊಂಡು ಹೋಗಾಕ ಬಂದೀನಿ."

ಗಾದಿಲಿಂಗಮ್ಮ ಕುಂತಲ್ಲಿಂದ್ಲೇ ಗಟ್ಟಿಯಾಗಿ ಅಂದಳು:

"ನೋಡ್ಕೊಂತಾನ ಬಿಡಪ್ಪಾ. ಮೈಯೆಲ್ಲ ಕುರಿ ವಾಸನಿ, ಅದೊಂದೇ ತ್ರಾಸು!"

ಅಂದಾಕಿಗೆ ತನಗೇ ತಡಕೊಳ್ಳಾಕ ಆಗಲಿಲ್ಲ. ಕಣ್ಣೀರು ಸುರಿಸಿಕೋತ, ಬಾಯಿ ತುಂಬಾ ನಕ್ಕಳು, ನನ್ನ ತೊಡಿ ಮ್ಯಾಲ ಬಡಬಡದು ನಕ್ಕಳು. ಇದೂ ನಾಟಕದಾಗ ಐತಂತ ತಿಳದು ಮಂದಿ ಚಪ್ಪಾಳಿ ತಟ್ಟಿದ್ರು. ಪರದಿ ಹಿಂದಿಂದ ಹರೀಶ ಮುಂದಿನ ಮಾತು ಎತ್ತಿಕೊಡಾಕತ್ತಿದ್ದ, ಭೀಮಲಿಂಗಪ್ಪಗ ಕೇಳಿಸಲೇ ಇಲ್ಲ. ಹೆಂಡ್ತಿನ್ನ ನೋಡಿಕೋತ ನಿಂತುಬಿಟ್ಟ.