ಅಬೋಲಿಯ ನೇಮ

ನೀಲಮಳ ಎಡಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತೊಂದಿದೆ. ಅದನ್ನು ಮಾಡಿದ್ದು ಕಬ್ಬು.

ನಮ್ಮ ಉಗಾರ ಖುರ್ದದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ರಸ್ತೆ ಬದಿಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಟ್ರೇಲರಿನ ಹಿಂದೆ ಮೂರು ಅಡಿ ಕಬ್ಬು ಹೊರಚಾಚಿರುತ್ತದೆ, ಸರಿಯಾಗಿ ಮನುಷ್ಯನ ಮುಖದ ಎತ್ತರಕ್ಕೆ. ಕಣ್ಣಿದ್ದವರು ಬಗ್ಗಿ, ಡ್ರೈವರನಿಗೆ ನಾಲ್ಕು ಬೈದು ಮುಂದೆ ಹೋಗುತ್ತೇವೆ. ನೀಲಮಳ ಕೈಯಲ್ಲಿದ್ದದ್ದು ಬಿಳಿ ಕೋಲು. ಕೋಲಿಗೆ ನೆಲದ ಸುದ್ದಿ ಮಾತ್ರ ಗೊತ್ತು. ಅದು ಟ್ರೇಲರಿನ ಅಡಿಯಲ್ಲಿ ಸಲೀಸಾಗಿ ತೂರಿತು, ಕಬ್ಬಿನ ತುದಿ ಹುಬ್ಬಿಗೆ ಬಡಿಯಿತು. ಇನ್ನೊಂದು ಬೆರಳು ಕೆಳಗೆ ಬಡಿದಿದ್ದರೆ ಎಂದು ಅವಳ ತಾಯಿ ಅಂದಾಗ ನೀಲಮ ನಕ್ಕು, "ಬಿಡವ್ವಾ, ಆ ಕಣ್ಣ ಇದ್ರೇನ, ಹೋದ್ರೇನ" ಅಂದಳಂತೆ. ತಾಯಿ ಎರಡು ದಿನ ಊಟ ಬಿಟ್ಟಳು.

ನಾನು ಬಾಪುಸಾಹೇಬ, ನಿವೃತ್ತ ಗಣಿತ ಮಾಸ್ತರ. ನೀಲಮ ನನ್ನ ವಿದ್ಯಾರ್ಥಿನಿ. ಒಂಬತ್ತನೇ ಇಯತ್ತೆಯಲ್ಲಿ ಅವಳು ಬೋರ್ಡಿನ ಮೇಲಿನ ಲೆಕ್ಕವನ್ನು ತಪ್ಪುತಪ್ಪಾಗಿ ಬರೆದುಕೊಳ್ಳುತ್ತಿದ್ದಳು. ಮೂರು ಎಂಟಾಗುತ್ತಿತ್ತು, ಒಂದು ಏಳಾಗುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಲಕ್ಷ್ಯ ಇಲ್ಲ ಎಂದು ಬೆಂಚಿನ ಮೇಲೆ ನಿಲ್ಲಿಸಿದೆ, ಒಂದು ದಿನವಲ್ಲ, ವಾರಗಟ್ಟಲೆ. ಮಿರಜಿನ ಡಾಕ್ಟರು ಈ ಹುಡುಗಿಯ ಕಣ್ಣಿನ ಹಿಂದಿನ ಪರದೆ ಒಣಗುತ್ತಿದೆ, ಇದಕ್ಕೆ ಔಷಧವಿಲ್ಲ ಎಂದು ಹೇಳಿದ್ದು ಆಮೇಲೆ. ಹತ್ತೊಂಬತ್ತಕ್ಕೆ ಪೂರ್ತಿ ಕತ್ತಲಾಯಿತು. ಆ ಬೆಂಚು ನೆನಪಾದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ಮಾತ್ರ ಒಮ್ಮೆಯೂ ಆ ಮಾತು ಎತ್ತಿಲ್ಲ.

ಈಗ ಅವಳಿಗೆ ಇಪ್ಪತ್ತೊಂಬತ್ತು. ಪೇಟೆಯ ದವಾಖಾನೆಯಲ್ಲಿ ಹೆಸರು ನೋಂದಾಯಿಸುವ ಕೌಂಟರಿನಲ್ಲಿ ಕೂರುತ್ತಾಳೆ. ಅಲ್ಲಿಗೆ ಪುಣೆಯ 'ಸೋಬತ' ಎಂಬ ಸಣ್ಣ ಕಂಪನಿಯವರು ಬಂದು ಅವಳ ಕಂಪ್ಯೂಟರಿಗೆ ಮಾತು ಕಲಿಸಿದರು. ಬಾಗಿಲು ಬಾಗಿಲಿಗೆ ಬೆರಳಿನಿಂದ ಓದುವ ಉಬ್ಬಕ್ಷರದ ಫಲಕ ಹಾಕಿದರು, ಮೆಟ್ಟಿಲಿಗೆ ಕೈಹಿಡಿ ಕೂರಿಸಿದರು. ಎಲ್ಲ ಆಯಿತು. ಆದರೆ ಮನೆಯಿಂದ ದವಾಖಾನೆವರೆಗಿನ ಮುಕ್ಕಾಲು ಕಿಲೋಮೀಟರ್ ರಸ್ತೆಗೆ ಯಾವ ಫಲಕ ಹಾಕಬೇಕು? ಹೊಲಿಗೆ ಬಿದ್ದ ಮೇಲೆ ತಮ್ಮ ರೂಪೇಶ ಅವಳನ್ನು ಒಬ್ಬಳೇ ಹೊರಗೆ ಬಿಡಲಿಲ್ಲ. ಬೆಳಿಗ್ಗೆ ಬೈಕಿನಲ್ಲಿ ಬಿಡುವುದು, ಸಂಜೆ ಕರೆತರುವುದು. ನಿಪ್ಪಾಣಿಯಲ್ಲಿ ಸಿಕ್ಕ ಒಳ್ಳೆಯ ನೌಕರಿಯನ್ನು ಅವನು ಇದಕ್ಕಾಗಿಯೇ ಬಿಟ್ಟ. ಎರಡು ವರ್ಷ ಅಕ್ಕನ ಹೊತ್ತಿಗೆ ತಕ್ಕಂತೆ ಬದುಕಿದ. ತಮ್ಮನ ಬೈಕಿನ ಹಿಂದೆ ಕೂತಾಗ ನೀಲಮ ತಲೆ ತಗ್ಗಿಸಿಯೇ ಇರುತ್ತಿದ್ದಳು.

ಹೋದ ವರ್ಷ ಸೋಬತದವರು ಕೇಳಿದರು: ದಾರಿ ತೋರಿಸುವ ನಾಯಿ ಕೊಡುತ್ತೇವೆ, ಎರಡು ತಿಂಗಳು ಪುಣೆಗೆ ಬಂದು ಅದರ ಜೊತೆ ನಡೆಯಲು ಕಲಿಯುತ್ತೀಯಾ? ಅವಳು ಹೋದಳು. ಜೂನಿನಲ್ಲಿ ವಾಪಸು ಬಂದಾಗ ಎಡಗೈಯಲ್ಲಿ ಒಂದು ಗಟ್ಟಿ ಹಿಡಿಕೆ, ಹಿಡಿಕೆಯ ಆ ತುದಿಗೆ ಬಿಸ್ಕೀಟಿನ ಬಣ್ಣದ ಒಂದು ಹೆಣ್ಣು ಲ್ಯಾಬ್ರಡಾರ್. ಹೆಸರು ಅಬೋಲಿ, ಮರಾಠಿಯಲ್ಲಿ ಮಾತಾಡದವಳು ಎಂದರ್ಥ. ಹೆಸರಿಗೆ ತಕ್ಕಂತೆ ಬಾಯಿ ಬಿಡದ ನಾಯಿ. ನೀಲಮ "ಚಲ್" ಅಂದರೆ ನಡೆಯುತ್ತಿತ್ತು, ಗಟಾರು ಬಂದರೆ ನಿಲ್ಲುತ್ತಿತ್ತು, ಗಾಡಿ ಬಂದರೆ ಅವಳನ್ನು ಬದಿಗೆ ಒತ್ತುತ್ತಿತ್ತು. ಹದಿನೈದು ದಿನ ನೋಡಿ ರೂಪೇಶ ನಿಪ್ಪಾಣಿಗೆ ನೌಕರಿಗೆ ಹೋದ, ಬಾಡಿಗೆಗೆ ಖೋಲಿ ಹಿಡಿದ. ನೀಲಮ ತಲೆ ಎತ್ತಿ ನಡೆಯತೊಡಗಿದಳು. ನಾನು ವಾಕಿಂಗ್ ನೆಪದಲ್ಲಿ ದಿನಾ ಇಪ್ಪತ್ತು ಹೆಜ್ಜೆ ಹಿಂದೆ ದವಾಖಾನೆಯ ಮೆಟ್ಟಿಲವರೆಗೂ ಹೋಗಿ ಬರುತ್ತಿದ್ದೆ. ಕಣ್ಣೆದುರಿಗೇ ಇಂಥದ್ದು ನಡೆಯುವಾಗ ಮನೆಯಲ್ಲಿ ಕೂತು ಪೇಪರ್ ಓದುವುದಾದರೂ ಹೇಗೆ?

ಕೆಲಸ ಕೆಡಿಸಿದ್ದು ನಮ್ಮೂರಿನ ಒಳ್ಳೆಯತನ.

ಇಲ್ಲಿ ರೊಟ್ಟಿ ಸುಡುವ ಮನೆಯಲ್ಲೆಲ್ಲ ಒಂದು ರೊಟ್ಟಿ ನಾಯಿಯದು. ರಸ್ತೆಯ ನಡುವಿನ ದೊಡ್ಡ ಮನೆಯ ಲಕ್ಷ್ಮಿಬಾಯಿ, ಎಪ್ಪತ್ನಾಲ್ಕರ ಜೈನ ಅಜ್ಜಿ, ಐವತ್ತು ವರ್ಷದಿಂದ ಆ ರೊಟ್ಟಿ ತಪ್ಪಿಸಿದವಳಲ್ಲ. ಅಂಥವರ ಕಣ್ಣಿಗೆ ಅಬೋಲಿ ಹೇಗೆ ಕಂಡಿತು? ಮೈಗೆ ಪಟ್ಟಾ ಬಿಗಿದುಕೊಂಡು, ತಲೆ ತಗ್ಗಿಸಿಕೊಂಡು, ದಿನಾ ದುಡಿಮೆಗೆ ಹೋಗುವ ಬಡಪಾಯಿ ಪ್ರಾಣಿಯಾಗಿ ಕಂಡಿತು. "ದುಡಿಯೂ ಪ್ರಾಣಿರೀ, ಹಸದಿರ್ತೈತಿ" ಅಂದು ಅಜ್ಜಿ ತುಪ್ಪ ಹಚ್ಚಿದ ರೊಟ್ಟಿ ಕೊಟ್ಟಳು. ಭಜಿ ಗಾಡಿಯ ಕೆಂಚವ್ವ ಭಜಿ ಕೊಟ್ಟಳು. ಇನ್ನೊಬ್ಬರು ಟೋಸ್ಟ್, ಮತ್ತೊಬ್ಬರು ಶೇಂಗಾ ಹೋಳಿಗೆ. ಮುಚ್ಚಿಡುವುದೇನು, ನನ್ನ ಜುಬ್ಬಾದ ಜೇಬಿನಲ್ಲೂ ದಿನಾ ಎರಡು ಗ್ಲೂಕೋಸ್ ಬಿಸ್ಕೀಟ್ ಇರುತ್ತಿದ್ದವು. ನನ್ನ ಮನೆಯ ಗೇಟಿನ ಮುಂದೆ ಬಂದಾಗ "ಗುಡ್ ಮಾರ್ನಿಂಗ್ ನೀಲಮ" ಅನ್ನುತ್ತ ಸದ್ದಿಲ್ಲದೆ ಬಗ್ಗಿ ಕೊಡುತ್ತಿದ್ದೆ. ಅವಳಿಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆ.

ಅಕ್ಟೋಬರಿನಲ್ಲಿ ಕಂಪನಿಯ ತರಬೇತಿದಾರಳು ಕಾಜಲ ತಪಾಸಣೆಗೆ ಬಂದಳು. ತೂಕದ ಯಂತ್ರದ ಮೇಲೆ ಅಬೋಲಿಯನ್ನು ನಿಲ್ಲಿಸಿದಳು. ನಾಲ್ಕು ತಿಂಗಳಲ್ಲಿ ನಾಲ್ಕು ಕೆಜಿ ಏರಿತ್ತು. ಆಮೇಲೆ ಹಿಂದಿನಿಂದ ನಡೆದು ನೋಡಿದಳು. ಮುಕ್ಕಾಲು ಕಿಲೋಮೀಟರಿನಲ್ಲಿ ಅಬೋಲಿ ಏಳು ಬಾಗಿಲಿಗೆ ನಿಂತಿತು. ಒಂದು ಕಡೆಯಂತೂ ಕೆಂಚವ್ವನ ಗಾಡಿಗೆ ಅಡ್ಡ ಎಳೆದು ನೀಲಮಳನ್ನು ರಸ್ತೆಯ ನಡುವಿಗೇ ತಂದಿತು. ಕಾಜಲ ಒಳ್ಳೆಯ ಹುಡುಗಿ, ಆದರೆ ಮುಖ ನೋಡಿ ಮಾತಾಡುವವಳಲ್ಲ.

"ತಾಈ, ತಿನ್ನೂದರ ಮ್ಯಾಲೆ ಲಕ್ಷ್ಯ ಇರೂ ನಾಯಿ ದಾರಿ ಮ್ಯಾಲೆ ಲಕ್ಷ್ಯ ಇಡಂಗಿಲ್ಲ" ಅಂದಳು ನೀಲಮಳಿಗೆ, ಅಕ್ಕನಿಗೆ ತಾಈ ಅನ್ನುವ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ. "ಡಿಸೆಂಬರದಾಗ ಮತ್ತ ಬರ್ತೀನಿ. ಆವಾಗೂ ಹಿಂಗ ಇದ್ರ ಅಬೋಲೀನ್ನ ವಾಪಸ್ ಒಯ್ಯಬೇಕಾಗ್ತೈತಿ. ನಿಮ್ಮ ಜೀವದ ಪ್ರಶ್ನೆ ಐತಿ."

ಆ ವಾರವೇ ರೂಪೇಶ ನಿಪ್ಪಾಣಿಯ ಖೋಲಿಯ ಮಾಲೀಕರಿಗೆ ಡಿಸೆಂಬರಿನಲ್ಲಿ ಖಾಲಿ ಮಾಡಬೇಕಾಗಬಹುದು ಎಂದು ಹೇಳಿಟ್ಟನೆಂದು ಅವಳ ತಾಯಿಯಿಂದ ಕೇಳಿದೆ.

ಮರುದಿನ ಅವಳನ್ನೇ ಕೇಳಿದೆ. "ಎಲ್ಲಾರೂ ತಿನ್ನಸಾಕತ್ತಾರಂತ ನಿನಗ ಗೊತ್ತಿತ್ತೇನ?"

"ಹಿಡಿಕಿಯೊಳಗ ಎಲ್ಲಾ ಗೊತ್ತಾಗ್ತೈತ್ರಿ ಸರ. ಆಕಿ ಅಗಿಯೂದೂ ಗೊತ್ತಾಗ್ತೈತಿ. ನಿಮ್ಮ ಬಿಸ್ಕೀಟೂ."

"ಮತ್ತ ಬ್ಯಾಡ ಅನ್ನಾಕ ಏನಾಗಿತ್ತು?"

"ಏಳೆಂಟ ವರ್ಷ ಈ ರಸ್ತೇದಾಗ ಅಡ್ಡಾಡೀನ್ರಿ. ಕೋಲ ಹಿಡದಾಗ ಮಂದಿ ದಾರಿ ಬಿಟ್ಟು ಸರೀತಿದ್ರು, ಯಾರೂ ಮಾತಾಡತಿದ್ದಿಲ್ಲ. ಅಬೋಲಿ ಬಂದ ಮ್ಯಾಲೆ ಎಲ್ಲಾರೂ ನಿಂದ್ರಸಿ ಮಾತಾಡಸ್ತಾರ. ಅವರಿಗೆ ಹೆಂಗ ಬ್ಯಾಡ ಅನ್ನಲಿ?"

ಗಣಿತದ ಮಾಸ್ತರನಿಗೆ ಗೊತ್ತಿದ್ದದ್ದು ಸಿಟ್ಟೊಂದೇ. ರಟ್ಟಿನ ಮೇಲೆ 'ಈ ನಾಯಿಗೆ ತಿನ್ನಲು ಕೊಡಬಾರದು' ಎಂದು ಬರೆದು ಕಂಬಕ್ಕೆ ಕಟ್ಟಿದೆ. ಯಾರೂ ಓದಲಿಲ್ಲ. ಬಾಗಿಲು ಬಾಗಿಲಿಗೆ ಹೋಗಿ ಕಂಪನಿಯ ನಿಯಮ ಹೇಳಿದೆ. "ಒಂದ ತುಣುಕಿಗೆ ಏನ ಆಗ್ತೈತ್ರಿ ಮಾಸ್ತರ" ಅಂದರು. ಕೂಗಾಡಿದೆ. ಮೂಕ ಪ್ರಾಣಿಯ ಬಾಯಿಯ ತುತ್ತು ಕಸಿಯುತ್ತಾನೆ, ಮಾಸ್ತರನಿಗೆ ಅರಳು ಮರಳು ಎಂದು ಊರಲ್ಲಿ ಮಾತಾಯಿತು. ಪುಣೆಯ ಕಂಪನಿಯ ನಿಯಮಕ್ಕೆ ನಮ್ಮ ರೊಟ್ಟಿ ಯಾಕೆ ತಲೆಬಾಗೀತು?

ನವೆಂಬರಿನ ಒಂದು ಬೆಳಿಗ್ಗೆ ಅಬೋಲಿ ಎಂದಿನಂತೆ ಲಕ್ಷ್ಮಿಬಾಯಿಯ ಬಾಗಿಲಿಗೆ ನಿಂತಿತು. ಅಜ್ಜಿ ರೊಟ್ಟಿ ಹಿಡಿದು ಕಟ್ಟೆಯ ತುದಿಗೆ ಬಂದಳು. ನಾನು ಜಗಳಕ್ಕೆ ಮುಂದಾದೆ. ಅಷ್ಟರಲ್ಲಿ ನೀಲಮಳೇ ಮಾತಾಡಿದಳು.

"ಅಜ್ಜಿ, ಅಷ್ಟಮಿ ದಿನ ನೀವು ಒಪ್ಪತ್ತ ಇರ್ತೀರಿ ಹೌದಲ್ರಿ?"

"ಹೂಂ. ಒಂದ ಹೊತ್ತು ಉಂಡು ಬಿಡೂದು."

"ಅವತ್ತ ಸಂಜಿಗಿ ನಾ ಬಂದು ಪ್ರೀತೀಲೆ ಒಂದ ಹೋಳಿಗಿ ಕೈಯಾಗ ಇಟ್ರ ತಿಂತೀರೇನ್ರಿ?"

"ಹೆಂಗ ತಿನ್ನಲಿ? ನೇಮ ಮುರೀತೈತಲ್ಲ."

"ಕೊಟ್ಟಾಕಿಗೆ ಏನ ಅಂತೀರಿ?"

"ನೇಮ ಹಿಡದವ್ರ ಮುಂದ ಹೋಳಿಗಿ ಹಿಡೀಬಾರದವಾ. ಪಾಪ ಕೊಟ್ಟಾಕಿಗೇ ಹತ್ತೂದು."

"ಅಬೋಲೀದೂ ನೇಮ ಐತ್ರಿ ಅಜ್ಜಿ. ಮುಂಜಾನೆ ಒಮ್ಮೆ, ಸಂಜಿಗಿ ಒಮ್ಮೆ, ನನ್ನ ಕೈಲೆ ಅಷ್ಟ. ಈ ಪಟ್ಟಾ ಮೈಮ್ಯಾಲೆ ಇರೂತನಕ ಏನೂ ಮುಟ್ಟಬಾರದು. ಆಕೀ ನೇಮ ಮುರದ್ರ ಆಕೀನ್ನ ಪುಣೆಕ್ಕ ಒಯ್ತಾರ. ನಾ ಮತ್ತ ತಮ್ಮನ ಬೆನ್ನ ಹಿಂದ ಕುಂದರಬೇಕ್ರಿ."

ಲಕ್ಷ್ಮಿಬಾಯಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ರೊಟ್ಟಿಯನ್ನು ನೋಡಿದಳು, ನಾಯಿಯನ್ನು ನೋಡಿದಳು. "ಇಷ್ಟ ದಿನ ನನ್ನ ಕೈಲೆ ಮುರಿಸಿದಿ ಅಲ್ಲಬೇ, ಮೊದಲ ಹೇಳಬಾರದೇನ" ಅಂದು ನೀಲಮಳಿಗೇ ಬೈದು ಒಳಗೆ ಹೋದಳು. ಅಜ್ಜಿಯ ಕಣ್ಣು ತುಂಬಿದ್ದವು.

ನನ್ನ ಆರು ವಾರದ ಕೂಗಾಟದಿಂದ ಆಗದ್ದು ಆ ಮುದುಕಿಯಿಂದ ಎರಡು ದಿನದಲ್ಲಿ ಆಯಿತು. ಬಸದಿಗೆ ಹೋದಲ್ಲಿ, ಕಾಯಿಪಲ್ಲೆ ಕೊಂಡಲ್ಲಿ, ಗಿರಣಿಯಲ್ಲಿ, ಎಲ್ಲ ಕಡೆ ಒಂದೇ ಮಾತು: ಅಬೋಲಿ ನೇಮ ಹಿಡಿದಿದ್ದಾಳೆ, ಯಾರೂ ಕೆಡಿಸಬೇಡಿ. ನೇಮ ಎಂದರೆ ನಮ್ಮಲ್ಲಿ ಯಾರಿಗೂ ವಿವರಿಸಿ ಹೇಳಬೇಕಿಲ್ಲ. ಸೋಮವಾರ ಹಿಡಿಯುವವರಿದ್ದಾರೆ, ಗುರುವಾರ ಹಿಡಿಯುವವರಿದ್ದಾರೆ, ಚಾತುರ್ಮಾಸದಲ್ಲಿ ಉಳ್ಳಾಗಡ್ಡಿ ಬಿಡುವವರಿದ್ದಾರೆ. ಕೆಂಚವ್ವ ಅಬೋಲಿ ಬರುವ ಹೊತ್ತಿಗೆ ಭಜಿಯ ಬುಟ್ಟಿಗೆ ಬಟ್ಟೆ ಮುಚ್ಚತೊಡಗಿದಳು. ಲಕ್ಷ್ಮಿಬಾಯಿ ತನ್ನ ರೊಟ್ಟಿಯನ್ನು ಹಿತ್ತಲ ಬಾಗಿಲಿಗೆ ಸಾಗಿಸಿದಳು. ಓಣಿಯ ಬೀಡಾಡಿ ನಾಯಿಗಳಿಗೆ ತುಪ್ಪದ ಯೋಗ ಬಂತು. ಆದರೆ ನಾಲ್ಕು ತಿಂಗಳು ತಿಂದ ರುಚಿಯನ್ನು ನಾಯಿ ಮರೆಯಬೇಕಲ್ಲ. ಆ ಒಂದು ಬಾಗಿಲಿನಲ್ಲಿ ಮಾತ್ರ ಅಬೋಲಿಯ ಹೆಜ್ಜೆ ಆಗಾಗ ತಡೆಯುತ್ತಿತ್ತು. ನೀಲಮ ದಿನಾ ತಾಳ್ಮೆಯಿಂದ "ಚಲ್, ಚಲ್" ಅನ್ನುತ್ತಿದ್ದಳು.

ಡಿಸೆಂಬರಿನ ಎರಡನೇ ವಾರ ಕಾಜಲ ಬಂದಳು. ತೂಕ ಎರಡು ಕೆಜಿ ಇಳಿದಿತ್ತು. "ಈಗ ನಡೀರಿ ತಾಈ, ನಾ ಹಿಂದ ಬರ್ತೀನಿ" ಅಂದಳು. ಅವಳ ಹಿಂದೆ ನಾನು. ಹಂಗಾಮು ಭರದಲ್ಲಿತ್ತು, ರಸ್ತೆ ತುಂಬ ಟ್ರ್ಯಾಕ್ಟರು, ಗದ್ದಲ, ಕಬ್ಬಿನ ಸಿಪ್ಪೆ. ಸುದ್ದಿ ಮೊದಲೇ ಹರಡಿತ್ತು. ಬಾಗಿಲಲ್ಲಿ ನಿಂತವರು ಯಾರೂ ಅಬೋಲಿಯ ಕಡೆ ತಿರುಗಿಯೂ ನೋಡಲಿಲ್ಲ. ಬುಟ್ಟಿ ಮುಚ್ಚಿದ ಕೆಂಚವ್ವನನ್ನು ಅಬೋಲಿ ದಾಟಿತು. ಟೋಸ್ಟಿನ ಅಂಗಡಿ ದಾಟಿತು. ನನ್ನ ಮನೆಯ ಗೇಟಂತೂ ತನಗೆ ಗುರುತೇ ಇಲ್ಲ ಎಂಬಂತೆ ದಾಟಿತು. ನನಗೆ ಸ್ವಲ್ಪ ಬೇಜಾರಾದದ್ದೂ ನಿಜ.

ಲಕ್ಷ್ಮಿಬಾಯಿಯ ಮನೆ ಬಂತು. ಅಬೋಲಿ ನಿಂತುಬಿಟ್ಟಿತು.

ಬಾಗಿಲಲ್ಲಿ ಅಜ್ಜಿ ಎರಡೂ ಬರಿಗೈ ಎತ್ತಿ ಕಾಜಲಳಿಗೆ ತೋರಿಸಿದಳು, ನನ್ನ ಹತ್ತಿರ ಏನೂ ಇಲ್ಲ ಎಂಬಂತೆ. "ಚಲ್" ಅಂದಳು ನೀಲಮ. ಅಬೋಲಿ ಕದಲಲಿಲ್ಲ. "ಅಬೋಲಿ, ಚಲ್." ನಾಯಿ ಮುಂದೆ ಹೋಗುವುದಿರಲಿ, ಅಡ್ಡ ತಿರುಗಿ ಅವಳ ಮೊಣಕಾಲಿಗೆ ಒತ್ತಿ ನಿಂತಿತು. ಕಾಜಲ ಜೇಬಿನಿಂದ ಪುಸ್ತಕ ತೆಗೆದಳು. ಹೋಯಿತು, ಎಲ್ಲ ಹೋಯಿತು ಅನ್ನಿಸಿತು ನನಗೆ. ಆ ನಾಯಿಯ ಕಿವಿ ಹಿಂಡುವಷ್ಟು ಸಿಟ್ಟು ಬಂತು.

ನೀಲಮ ಮೂರನೇ ಸಲ ಹೇಳಲಿಲ್ಲ. ಬಲಗೈಯನ್ನು ಮೆಲ್ಲಗೆ ಮುಖದ ಮುಂದೆ ಎತ್ತಿದಳು. ಒಂದು ಗೇಣು ದೂರದಲ್ಲಿ ಅವಳ ಬೆರಳಿಗೆ ಕಬ್ಬಿನ ತುದಿ ತಾಕಿತು.

ಅಜ್ಜಿಯ ಕಟ್ಟೆಗೆ ಒತ್ತಿ ಒಂದು ಟ್ರೇಲರ್ ನಿಂತಿತ್ತು. ಹೊರಚಾಚಿದ ಕಬ್ಬು ಅವಳ ಹುಬ್ಬಿನ ಮಟ್ಟಕ್ಕೇ ಇತ್ತು. ಅಷ್ಟು ದೊಡ್ಡ ಟ್ರೇಲರ್ ನಮಗೆ ಯಾರಿಗೂ ಕಂಡಿರಲಿಲ್ಲ. ನಾವೆಲ್ಲ ರೊಟ್ಟಿ ಬರುವ ಬಾಗಿಲನ್ನೇ ನೋಡುತ್ತ ನಿಂತಿದ್ದೆವು.

ನೀಲಮ ಒಂದು ಹೆಜ್ಜೆ ಹಿಂದೆ ಸರಿದಳು. ಅಬೋಲಿ ಅವಳನ್ನು ಟ್ರೇಲರಿನ ಹೊರಬದಿಯಿಂದ ಸುತ್ತಿಸಿ, ಗಾಡಿಯೊಂದಕ್ಕೆ ದಾರಿ ಬಿಟ್ಟು, ಆಚೆ ಕಡೆ ಕಟ್ಟೆಯ ಇನ್ನೊಂದು ತುದಿಗೆ ತಂದಿತು. ಕಾಜಲ ಏನನ್ನೂ ಬರೆಯದೆ ಪುಸ್ತಕ ಮುಚ್ಚಿದಳು. "ಮಾಸ್ತರ, ನನ್ನ ಕೆಲಸ ಮುಗೀತು. ಅಬೋಲಿ ಇಲ್ಲೇ ಇರ್ತಾಳ" ಅಂದಳು.

"ಬಾ, ಕೂಡು" ಎಂದು ಲಕ್ಷ್ಮಿಬಾಯಿ ನೀಲಮಳ ರಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ನೀಲಮಳ ಸ್ವಂತ ಅಜ್ಜಿ ಜಾತಿಯ ಕಾರಣಕ್ಕೆ ಇದೇ ಕಟ್ಟೆ ಹತ್ತದೆ ಕೆಳಗೆ ನಿಂತೇ ಮಾತಾಡುತ್ತಿದ್ದುದನ್ನು ಕಂಡವನು ನಾನು. ನೀಲಮ ಅಬೋಲಿಯ ಮೈಮೇಲಿನ ಪಟ್ಟಾ ಬಿಚ್ಚಿದಳು.

"ಪಟ್ಟಾ ತಗದೀನ್ರಿ ಅಜ್ಜಿ. ಈಗ ಮುಟ್ರಿ."

ಆರು ತಿಂಗಳಲ್ಲಿ ಅಜ್ಜಿ ಅಬೋಲಿಯ ತಲೆ ಸವರಿದ್ದು ಅದೇ ಮೊದಲು. ರೊಟ್ಟಿ ಕೊಡುವ ಗಡಿಬಿಡಿಯಲ್ಲಿ ಮುಟ್ಟುವುದು ಯಾರಿಗೂ ಹೊಳೆದಿರಲಿಲ್ಲ. "ರೊಟ್ಟಿ?" ಎಂದು ಅಜ್ಜಿ ಮೆಲ್ಲಗೆ ಕೇಳಿದಳು.

"ರೊಟ್ಟಿ ಬ್ಯಾಡ್ರಿ" ಅಂದು ನೀಲಮ ನಕ್ಕಳು. ನಗುತ್ತಲೇ ನಾಯಿಯ ಕೊರಳಿಗೆ ಮುಖ ಒತ್ತಿ ಅತ್ತಳು. ನನ್ನ ಕಣ್ಣೂ ಒದ್ದೆಯಾದವು. ಆಮೇಲೆ ಅವಳು ಮುಖ ಒರೆಸಿಕೊಂಡು ಫೋನ್ ತೆಗೆದಳು.

"ರೂಪೇಶ, ಮಾಲಕರಿಗೆ ಹೇಳಿಬಿಡೋ. ಖೋಲಿ ಬಿಡೂದಿಲ್ಲ ಅನ್ನು."

ಆ ಕಡೆಯಿಂದ ಅವನು ಏನಂದನೋ ಕೇಳಿಸಲಿಲ್ಲ. ಅವಳು ಬಹಳ ಹೊತ್ತು ಹೂಂ, ಹೂಂ ಅನ್ನುತ್ತಿದ್ದಳು. ಫೋನ್ ಇಟ್ಟು, ದವಾಖಾನೆ ತೆಗೆಯುವ ಹೊತ್ತಾಯಿತೆಂದು ಅಬೋಲಿಗೆ ಪಟ್ಟಾ ಕಟ್ಟಿ ಎದ್ದಳು. ಎರಡು ಹೆಜ್ಜೆ ಹೋಗಿ ನಿಂತು, ಹಿಂದಕ್ಕೆ ತಿರುಗದೆಯೇ ಅಂದಳು, "ಸರ, ಇವತ್ತಿನಿಂದ ನೀವು ಮನ್ಯಾಗ ಕೂತು ಪೇಪರ್ ಓದ್ರಿ."

ಅವಳ ಹಿಂದೆ ನಾನು ನಡೆಯುವುದೂ ಅವಳಿಗೆ ಗೊತ್ತಿತ್ತು. ನಾನು ಅಲ್ಲೇ ನಿಂತು, ಅವರಿಬ್ಬರೂ ಟ್ರ್ಯಾಕ್ಟರುಗಳ ಸಾಲಿನ ಪಕ್ಕ ನಡೆದು ತಿರುವಿನಲ್ಲಿ ಮರೆಯಾಗುವತನಕ ನೋಡಿದೆ. ಆಮೇಲೆ ಮನೆಗೆ ಬಂದು, ಜೇಬಿನಲ್ಲಿ ಯಾವಾಗಿನಿಂದಲೋ ಉಳಿದಿದ್ದ ಎರಡು ಬಿಸ್ಕೀಟುಗಳನ್ನು ಚಹಾದಲ್ಲಿ ಅದ್ದಿ ತಿಂದೆ.