ಸೋರಬಾರದ ಕುಂಡಗಳು

ವಾಲ್ವ್ ಮಾವನಿಗೆ ಸೋರುವುದನ್ನು ಕಂಡರೆ ಆಗುತ್ತಿರಲಿಲ್ಲ. ನೀರು ಸರಬರಾಜು ಇಲಾಖೆಯಲ್ಲಿ ನಿವೃತ್ತಿಯವರೆಗೂ ಪೈಪು ರಿಪೇರಿ ಮಾಡಿದವರು. ಅವರು ಬೆಳಿಗ್ಗೆ ತೇಪೆ ಹಾಕಿದ ಪೈಪು ಸಂಜೆಯೊಳಗೆ ಮತ್ತೆ ತೊಟ್ಟಿಕ್ಕುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. “ನನ್ನ ಕೈ ಸರಿ ಇದೆ, ಪೈಪೇ ಸರಿ ಇಲ್ಲ” ಎನ್ನುತ್ತಿದ್ದರು. ಇಲಾಖೆಯೂ ಅದನ್ನೇ ನಂಬಿ, ಬೀಳ್ಕೊಡುಗೆಯ ದಿನ ‘ಸೋರಿಕೆಯ ಶತ್ರು’ ಎಂದು ಫಲಕ ಕೊಟ್ಟಿತು. ವೇದಿಕೆಯ ಹಿಂದಿನ ನಲ್ಲಿ ಆಗಲೂ ತೊಟ್ಟಿಕ್ಕುತ್ತಲೇ ಇತ್ತಂತೆ.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಅತ್ತೆ ಎನ್ನುತ್ತಿದ್ದರು. ಅತ್ತೆಯದು ಮಹಡಿಯ ಮೇಲೆ ಆರು ಕುಂಡ ಮೆಣಸಿನಕಾಯಿ ಗಿಡ. ಬೀಜ ಅವರ ಅಮ್ಮನ ಕೈಯದು. ಅಮ್ಮ ಹೋದ ಮೇಲೂ ವರ್ಷ ವರ್ಷ ಹಣ್ಣು ಒಣಗಿಸಿ, ಬೀಜ ತೆಗೆದು, ಮತ್ತೆ ಬಿತ್ತಿ ಉಳಿಸಿಕೊಂಡು ಬಂದಿದ್ದರು. ಈ ಸಲ ಇದ್ದಬದ್ದ ಬೀಜವನ್ನೆಲ್ಲ ಬಿತ್ತಿದ್ದರಿಂದ ಡಬ್ಬಿ ಖಾಲಿಯಾಗಿತ್ತು. ಮಗಳ ಹೆರಿಗೆಗೆ ಹೊರಟಾಗ ಗಂಡನಿಗೆ ಹೇಳಿದ್ದು ಇಷ್ಟೇ: “ರೀ, ಮಳೆಗಾಲ. ನೀವು ಏನೂ ಮಾಡಬೇಡಿ. ಅಷ್ಟು ಮಾಡಿ, ಸಾಕು.”

ಏನೂ ಮಾಡದಿರುವುದು ವಾಲ್ವ್ ಮಾವನಿಗೆ ಒಲಿಯದ ವಿದ್ಯೆ.

“ಮಾವ, ನಿಮ್ಮ ಕುಂಡದ ನೀರು ನಮ್ಮ ಬಟ್ಟೆ ಮೇಲೆ ಸೋರ್ತಾ ಇದೆ!” ಎಂದು ಕೆಳಮನೆಯಾಕೆ ಕೂಗಿದ್ದೇ ತಡ, ಮಾವ ಸಿಮೆಂಟು ಕಲಸಿದರು. ಸೋರಿಕೆ, ಅದೂ ತಮ್ಮ ಮನೆಯಲ್ಲಿ! ಕುಂಡಗಳನ್ನು ಒಂದೊಂದಾಗಿ ವಾಲಿಸಿ ಅಡಿಯ ತೂತಿಗೆಲ್ಲ ಮೆತ್ತಿದರು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಅವರ ದುರದೃಷ್ಟಕ್ಕೆ ತೇಪೆ ಈ ಸಲ ನಿಂತಿತು.

ಆಮೇಲೆ ಮಳೆ ಹಿಡಿಯಿತು. ಕುಂಡ ತುಂಬಿತು. ನೀರಿನ ನಡುವೆಯೇ ಗಿಡಗಳು ಎಲೆ ಇಳಿಬಿಟ್ಟು ನಿಂತವು. ಉಸಿರು ಕಟ್ಟಿದ ಬೇರು ನೀರನ್ನು ಮೇಲಕ್ಕೆ ಎತ್ತಲಾರದು ಎಂಬುದು ಮಾವನಿಗೆ ಹೊಳೆಯಲಿಲ್ಲ. “ಪಾಪ, ಬಾಯಾರಿದೆ” ಎಂದು ಮೇಲಿಂದ ಇನ್ನೊಂದೊಂದು ಚೊಂಬು ಸುರಿದರು.

ಗಿಡಗಳು ತಮ್ಮ ಕೈಲಾದದ್ದು ಮಾಡಿದವು. ಕಷ್ಟ ಬಂದ ಸಂಸಾರ ಮೊದಲು ಸಿನಿಮಾ ಬಿಟ್ಟು, ಆಮೇಲೆ ಹಾಲು ಕಡಿಮೆ ಮಾಡುವ ಹಾಗೆ, ಮೊದಲು ಹೂವು ಉದುರಿಸಿದವು, ಆಮೇಲೆ ಎಳೆಗಾಯಿ, ಆಮೇಲೆ ಹಳದಿಯಾದ ಕೆಳಗಿನ ಎಲೆ. ಕೊನೆಗೆ ಗಾಳಿ ಸಿಕ್ಕೀತೆಂದು ಕಾಂಡದ ಬುಡದಲ್ಲಿ ಬಿಳಿಯ ಹೊಸ ಬೇರು ಬಿಟ್ಟವು. ಮಾವ ಕನ್ನಡಕ ಹಾಕಿಕೊಂಡು ಬಗ್ಗಿ, “ಅಯ್ಯೋ, ಹುಳ!” ಎಂದು ಅವನ್ನೂ ಚಿವುಟಿ ಎಸೆದರು.

ಅತ್ತೆ ಫೋನಿನಲ್ಲಿ ಕೇಳಿದರು. “ಗಿಡ ಹೇಗಿವೆ?”

“ಒಂದು ಹನಿ ಸೋರ್ತಾ ಇಲ್ಲ ಕಣೇ.”

“ರೀ, ನಾನು ಕೇಳಿದ್ದು ಗಿಡದ ವಿಷಯ.”

ಫೋನು ಕಟ್ಟಾಯಿತೆಂದು ಮಾವ ನಟಿಸಿದರು.

ಅತ್ತೆ ವಾಪಸು ಬಂದಾಗ ಬಿಸಿಲು ಬಿದ್ದಿತ್ತು. ಮಹಡಿಯ ಮೇಲೆ ಕೊಳೆತ ಬೇರಿನ ವಾಸನೆ. ಒಂದು ಕುಂಡ ವಾಲಿಸಿ ಸಿಮೆಂಟು ನೋಡಿದರು. ಬೈಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತರು.

“ಬೇರಿಗೂ ಉಸಿರು ಬೇಕಲ್ರೀ. ಅಮ್ಮಂದು ಅಂತ ನನ್ನ ಹತ್ತಿರ ಇದ್ದದ್ದು ಇದೊಂದೇ.”

ಬೈದಿದ್ದರೆ ಮಾವ ಪೈಪಿನ ಮೇಲೋ ಮಳೆಯ ಮೇಲೋ ತಪ್ಪು ಹಾಕುತ್ತಿದ್ದರು. ಈಗ ನಾಚಿಕೆಯಾಯಿತು, ಅಳುವೂ ಬಂತು. ಮುಖ ಮರೆಸಿಕೊಳ್ಳಲು ನೀರಿನ ಟ್ಯಾಂಕಿನ ಹಿಂದೆ ಹೋದರು.

ಅಲ್ಲಿ ಆರನೆಯ ಕುಂಡವಿತ್ತು. ಬಾಡದ ಗಿಡದ ಕಡೆ ರಿಪೇರಿಯವರು ತಿರುಗಿ ನೋಡುತ್ತಾರೆಯೇ? ಅಷ್ಟು ದಿನ ಅದನ್ನು ಮರೆತೇಬಿಟ್ಟಿದ್ದರು. ಹಚ್ಚಗೆ ನಿಂತಿತ್ತು, ಮೂರು ಹಣ್ಣು ಕೆಂಪಗೆ ತೂಗುತ್ತಿದ್ದವು.

ಮಾವ ಕೂಗಿದ್ದು ಕೇಳಿ ಅತ್ತೆ ಓಡಿಬಂದು ಬಗ್ಗಿ ನೋಡಿದರು. ತೇಪೆ ಬಿರುಕುಬಿಟ್ಟಿತ್ತು. ಕುಂಡದಿಂದ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು. ಅವರು ಗಂಡನ ಮುಖ ನೋಡಿ, ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು.

ಕೆಳಗಿನಿಂದ ಕೂಗು ಬಂತು. “ಮಾವ, ಮತ್ತೆ ಸೋರ್ತಾ ಇದೆ!”

ವಾಲ್ವ್ ಮಾವ ಗೋಡೆಯಾಚೆ ಕತ್ತು ಚಾಚಿದರು.

“ಸೋರಲಿ ಬಿಡಮ್ಮ, ಅದು ನಾನು ಮಾಡಿದ ರಿಪೇರಿ!”