ಪಿಯಾನೊ ಮೇಲಿನ ಜಂಪರ್ ತುಂಡು

ಶಹಾಪುರದ ನಮ್ಮ ಮದುವೆ ಬ್ಯಾಂಡಿನಲ್ಲಿ ಕೀಬೋರ್ಡ್ ಬಾರಿಸುತ್ತಿದ್ದವರು ಜಂಪರ್, ಅಂದರೆ ಹೆಂಗಸರ ರವಿಕೆ, ಹೊಲಿಯುವ ಟೇಲರು. ಆ ಕೀಬೋರ್ಡಿಗೆ ಓಣಿಯವರೆಲ್ಲ ಪಿಯಾನೊ ಅನ್ನುತ್ತಿದ್ದರು, ಟೇಲರಿಗೆ ಚಾಚಾ. ತಳ್ಳುಗಾಡಿಯ ಮೇಲೆ ಅದನ್ನಿಟ್ಟು, ಅಂಗಡಿಯಲ್ಲಿ ಉಳಿದ ಬಟ್ಟೆ ತುಂಡಿನಿಂದ ಒರೆಸುತ್ತಿದ್ದರು. ಒಂದು ಮದುವೆಗೆ ಕೆಂಪು ತುಂಡು, ಇನ್ನೊಂದಕ್ಕೆ ಗಿಣಿಹಸಿರು. ಯಾರು ಎಷ್ಟೇ ಅವಸರ ಮಾಡಲಿ, ಅವರ ಮಾತು ಒಂದೇ: “ಆರಾಮ ಹೋಗಾಣ ತಗೋರಿ.” ಡ್ರಮ್ ಬಾರಿಸುತ್ತಿದ್ದ ನನಗೆ ಆ ನಿಧಾನ ಕಂಡರೆ ಮೈ ಉರಿಯುತ್ತಿತ್ತು.

ಸಾವಾದ ಮನೆಯ ಮುಂದೆ ನಾವು ಬಾರಿಸುವುದಿಲ್ಲ. ಅಂಥ ಮನೆ ಹತ್ತಿರ ಬಂದರೆ ಚಾಚಾ ಆ ಬಟ್ಟೆಯನ್ನು ಪಿಯಾನೊ ಮೇಲೆ ಹಾಸುತ್ತಿದ್ದರು. ಅದನ್ನು ನೋಡಿ ನಾವೆಲ್ಲ ನಿಲ್ಲಿಸುತ್ತಿದ್ದೆವು.

ಒಮ್ಮೆ ನಮ್ಮ ಬ್ಯಾಂಡ್ ಮಾಸ್ತರಿಗೆ ಜ್ವರ ಬಂದು, ಸುರಪುರದಿಂದ ಬೇರೆ ಮಾಸ್ತರನ್ನು ಕರೆಸಿದ್ದೆವು. ಮೆರವಣಿಗೆಯ ನಡುವೆ ಚಾಚಾ ಬಟ್ಟೆ ಹಾಸಿದರು, ಬ್ಯಾಂಡ್ ನಿಂತಿತು. ಹೊಸ ಮಾಸ್ತರು ಕೋಲು ಬೀಸಿ ಕೂಗಿದರು: “ಯಾಕ ನಿಂತ್ರಿ? ಮದುಮಕ್ಕಳಿಗೆ ಅಕ್ಕಿಕಾಳು ಹಾಕೋ ಟೈಮ್ ಆಗ್ಯಾದ!”

“ಈ ಮನ್ಯಾಗ ಮೊನ್ನೆ ಅವ್ವಾರು ತೀರಿಕೊಂಡಾರ್ರಿ. ಆರಾಮ ಹೋಗಾಣ ತಗೋರಿ,” ಎಂದರು ಚಾಚಾ.

ಮಾಸ್ತರು ಕೋಲು ಇಳಿಸಿದರು. ಅಷ್ಟರಲ್ಲಿ ಆ ಮನೆಯ ಮಗಳು ಹೊರಗೆ ಬಂದು, ಬಟ್ಟೆ ತೆಗೆದು ಮಡಚಿ ಚಾಚಾ ಕೈಗಿಟ್ಟಳು.

“ಬಾರಸ್ರಿ ಚಾಚಾ. ನೀವು ಬಂದ್ರ ನಮ್ಮವ್ವ ರೊಟ್ಟಿ ಬಡಿಯೋದು ಬಿಟ್ಟು ಬಾಗಲಕ್ಕ ಬಂದು ನಿಲ್ತಿದ್ದಳ್ರಿ.”

ಚಾಚಾ ಒಬ್ಬರೇ ಬಾರಿಸಿದರು. ಕುದುರೆಯ ಮೇಲಿದ್ದ ಮದುಮಗನೂ ಇತ್ತ ತಿರುಗಿ ಆಲಿಸಿದ. ಹಾಡು ಮುಗಿಯುತ್ತಲೇ ನಾನು ಡ್ರಮ್ಮಿನ ಕೋಲೆತ್ತಿದೆ. ಸುರಪುರದ ಮಾಸ್ತರು ಕೈ ಅಡ್ಡ ಹಿಡಿದರು.

“ಇನ್ನೊಂದು ಬಾರಸ್ಲಿ,” ಎಂದರು. “ಆರಾಮ ಹೋಗಾಣ ತಗೋ.”